ಚೀಟಿಯಲ್ಲಿ ಟೈಮ್ ಯಾಕೆ ಬರೀತಾರೆ?

ಜೂನ್ ಬಂತು ಅಂದ್ರೆ ನಮ್ಮ ನ್ಯೂಸ್ ರೂಮ್‌ಗೆ ಒಂದೇ ಥರದ ವಿಡಿಯೋಗಳು ಬರೋಕೆ ಶುರುವಾಗುತ್ತವೆ. ಹಸಿರು ಗುಡ್ಡ, ಮಂಜು, ತಿರುವು ರಸ್ತೆ. ರಸ್ತೆ ಪಕ್ಕದಲ್ಲಿ ಸಾಲಾಗಿ ನಿಂತ ಕಾರುಗಳು, ಡೋರ್ ತೆಗೆದು ಜೋರಾಗಿ ಹಾಕಿದ ಹಾಡು, ನಾಲ್ಕು ಹುಡುಗರ ಕುಣಿತ. ಒಂದೆರಡು ವಿಡಿಯೋದಲ್ಲಿ ಕಾರು ರಸ್ತೆಯನ್ನೇ ಬಿಟ್ಟು ಹುಲ್ಲುಗಾವಲಿನ ಮೇಲೆ ಹತ್ತಿರುತ್ತೆ. ಕೆಳಗೆ ಬರೆದಿರ್ತಾರೆ: ಕುದುರೆಮುಖ, ಸ್ವರ್ಗ!

ಸ್ವರ್ಗ ಅನ್ನೋದರಲ್ಲಿ ನನಗೆ ತಕರಾರಿಲ್ಲ. ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಘಾಟಿ ಹತ್ತಿ, ಎಸ್.ಕೆ. ಬಾರ್ಡರ್ ಮೂಲಕ ಕುದುರೆಮುಖ, ಅಲ್ಲಿಂದ ಕಳಸ. ಕರ್ನಾಟಕದಲ್ಲಿ ಸ್ವಂತ ಗಾಡಿಯಲ್ಲಿ ಕೂತು ನೋಡಬಹುದಾದ ದಾರಿಗಳಲ್ಲಿ ಇದಕ್ಕಿಂತ ಚೆಂದದ್ದು ನನಗಂತೂ ಗೊತ್ತಿಲ್ಲ. ಆದರೆ ಈ ದಾರಿಗೊಂದು ವಿಶೇಷ ಇದೆ. ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ಅಂದ್ರೆ ಅರಣ್ಯ ಇಲಾಖೆಯ ಗಾಡಿ ಹತ್ತಬೇಕು. ಜೊತೆಗೆ ಗೊತ್ತಿರುವ ಡ್ರೈವರ್ ಇರ್ತಾನೆ, "ಸುಮ್ನಿರಿ, ಕೈ ಹೊರಗೆ ಹಾಕಬೇಡಿ" ಅಂತ ಗದರಿಸೋಕೆ ಒಬ್ಬರಿರ್ತಾರೆ. ಇಲ್ಲಿ ಹಾಗಲ್ಲ. ನಿಮ್ಮದೇ ಕಾರು, ನಿಮ್ಮದೇ ಸ್ಟೀರಿಂಗು. ರಾಷ್ಟ್ರೀಯ ಉದ್ಯಾನದ ಹೊಟ್ಟೆಯೊಳಗೆ ನೀವೇ ಡ್ರೈವರ್, ನೀವೇ ಗೈಡ್. ಕೇಳೋರಿಲ್ಲ, ಹೇಳೋರಿಲ್ಲ. ತೊಂದರೆ ಶುರುವಾಗೋದೇ ಅಲ್ಲಿ.

ಗೇಟಿನಲ್ಲಿ ಗಾಡಿ ನಿಲ್ಲಿಸಿ ನಂಬರ್ ಬರ್ಕೊಂಡು ಒಂದು ಚೀಟಿ ಕೊಡ್ತಾರೆ. ಅದರಲ್ಲಿ ನೀವು ಒಳಗೆ ಹೋದ ಸಮಯ ಇರುತ್ತೆ. ಇಂತಿಷ್ಟು ಹೊತ್ತಿನೊಳಗೆ ಆ ಕಡೆ ಗೇಟಿಗೆ ತಲುಪಬೇಕು. ತಡವಾದ್ರೆ ಎಲ್ಲಿ ನಿಂತಿದ್ರಿ, ಯಾಕೆ ನಿಂತಿದ್ರಿ ಅಂತ ಪ್ರಶ್ನೆ, ದಂಡ. ಜನ ಸಿಟ್ಟಾಗ್ತಾರೆ. "ನಾವೇನು ಕಳ್ಳರಾ? ಟ್ಯಾಕ್ಸ್ ಕಟ್ಟಿಲ್ವಾ? ಇದು ಸರ್ಕಾರಿ ರಸ್ತೆ ಅಲ್ವಾ?" ನ್ಯಾಯವಾದ ಪ್ರಶ್ನೆಯೇ. ಹಾಗಾಗಿ ಉತ್ತರವನ್ನೂ ಸ್ವಲ್ಪ ಬಿಡಿಸಿ ಹೇಳ್ತೀನಿ.

ರಸ್ತೆ ಸರ್ಕಾರಿಯೇ. ಮಾಳದಿಂದ ಎಸ್.ಕೆ. ಬಾರ್ಡರ್‌ವರೆಗಿನದ್ದು ರಾಷ್ಟ್ರೀಯ ಹೆದ್ದಾರಿ 169. ಎಸ್.ಕೆ. ಅಂದ್ರೆ ಸೌತ್ ಕೆನರಾ, ಹಳೆಯ ಜಿಲ್ಲೆಯ ಗಡಿ. ಜಿಲ್ಲೆ ಒಡೆದು ಎರಡಾಗಿ, ಹೆಸರು ಬದಲಾಗಿ ಎಷ್ಟೋ ವರ್ಷ ಆಯ್ತು, ಜಾಗದ ಹೆಸರು ಮಾತ್ರ ಅದೇ ಉಳ್ಕೊಂಡಿದೆ. ಅಲ್ಲಿಂದ ಹೆದ್ದಾರಿ ಕೆರೆಕಟ್ಟೆ ಮೇಲೆ ಶೃಂಗೇರಿಗೆ ಹೋಗುತ್ತೆ, ಇನ್ನೊಂದು ರಸ್ತೆ ಕುದುರೆಮುಖಕ್ಕೆ. ಈಗ ಕಾನೂನು ನೋಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್, ಸಂರಕ್ಷಿತ ಕಾಡಿನೊಳಗೆ ಅನುಮತಿ ಇಲ್ಲದೆ ಯಾರು ಹೋಗಬಹುದು ಅಂತ ಪಟ್ಟಿ ಕೊಡುತ್ತೆ. ಡ್ಯೂಟಿ ಮೇಲಿರೋ ಸರ್ಕಾರಿ ನೌಕರರು. ಒಳಗೆ ವಾಸಕ್ಕೆ ಅನುಮತಿ ಇರೋರು. ಒಳಗೆ ಜಮೀನಿನ ಹಕ್ಕಿರೋರು. ಇವರನ್ನ ಅವಲಂಬಿಸಿದ ಮನೆಯವರು. ಮತ್ತೆ ಸಾರ್ವಜನಿಕ ಹೆದ್ದಾರಿ ಮೂಲಕ ಹಾದುಹೋಗೋ ವ್ಯಕ್ತಿ. ಅಷ್ಟೇ. ಇದು ಅಭಯಾರಣ್ಯಕ್ಕೆ ಹೇಳಿದ ಮಾತು, 35ನೇ ಸೆಕ್ಷನ್ ಇದನ್ನೇ ರಾಷ್ಟ್ರೀಯ ಉದ್ಯಾನಕ್ಕೂ ಅನ್ವಯ ಮಾಡುತ್ತೆ.

ಹಾದುಹೋಗೋ ವ್ಯಕ್ತಿ. ನೀವೂ ನಾನೂ ಕಾರಲ್ಲಿ ಕೂತು ಒಳಗೆ ಹೋಗೋದು ಈ ಒಂದು ಮಾತಿನ ಬಲದ ಮೇಲೆ. ಪ್ರವಾಸಿ ಅಂತ ಅಲ್ಲ, ದಾರಿಹೋಕ ಅಂತ. ಪ್ರವಾಸಕ್ಕೆ, ಫೋಟೋ ತೆಗೆಯೋಕೆ, ಅಧ್ಯಯನಕ್ಕೆ ಒಳಗೆ ಹೋಗಬೇಕು ಅಂದ್ರೆ 28ನೇ ಸೆಕ್ಷನ್ ಪ್ರಕಾರ ಪರ್ಮಿಟ್ ಬೇಕು. ಡಾಂಬರು ಬಿಟ್ಟು ಹುಲ್ಲಿನ ಮೇಲೆ ಹತ್ತು ಹೆಜ್ಜೆ ಇಟ್ರಿ ಅಂದ್ರೆ ದಾರಿಹೋಕ ಅನ್ನೋ ರಿಯಾಯಿತಿ ಮುಗೀತು. ಚೀಟಿಯಲ್ಲಿ ಟೈಮ್ ಬರೆಯೋದು ಇದಕ್ಕೇ. ನೀವು ಹಾದುಹೋದ್ರಾ, ಇಲ್ಲಾ ಒಳಗೆ ಉಳ್ಕೊಂಡ್ರಾ ಅಂತ ಲೆಕ್ಕ ಹಾಕೋಕೆ ಪಾಪ ಆ ಗಾರ್ಡ್ ಹತ್ರ ಇರೋ ಒಂದೇ ಅಳತೆಗೋಲು ಗಡಿಯಾರ.

ಹಾಗಾದ್ರೆ ನೋಡೋದಾದ್ರೂ ಏನನ್ನ? ಬೇಕಾದಷ್ಟಿದೆ, ಸೀಟಿನಲ್ಲಿ ಕೂತೇ ಕಾಣುತ್ತೆ. ಏನು ಕಾಣ್ತಿದೆ ಅನ್ನೋದು ಗೊತ್ತಿರಬೇಕು ಅಷ್ಟೆ.

ಮಾಳದ ಗೇಟ್ ದಾಟಿ ಮೇಲೆ ಹತ್ತುವಾಗ ಎರಡೂ ಕಡೆ ದಟ್ಟ ಕಾಡು. ಮರದ ನೆತ್ತಿಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ಈ ಭಾಗದಲ್ಲಿ ಸಿಂಗಳೀಕ ಇದೆ. ಕಪ್ಪು ಮೈ, ಮುಖದ ಸುತ್ತ ಬೆಳ್ಳಿ ಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹದ ಹಾಗೆ ಒಂದು ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಕಾಡಿನಲ್ಲಿ ಸಿಗದ ಪ್ರಾಣಿ. ರಸ್ತೆ ಬದಿ ಬಿಸ್ಕತ್ತಿಗೆ ಕೈ ಚಾಚೋದು ಬಹುತೇಕ ನಮ್ಮ ಮಾಮೂಲಿ ಕೋತಿ. ಅದನ್ನೇ ಸಿಂಗಳೀಕ ಅಂತ ಬರೆದು ರೀಲ್ಸ್ ಹಾಕೋರಿದ್ದಾರೆ. ಸಿಂಗಳೀಕ ನೆಲಕ್ಕೆ ಇಳಿಯೋದು ಅಪರೂಪ. ಅದರ ಹೆದ್ದಾರಿ ಮರದ ಮೇಲೆ, ಕೊಂಬೆಯಿಂದ ಕೊಂಬೆಗೆ. ರಸ್ತೆ ಅಗಲ ಆಗಿ ಎರಡು ಬದಿಯ ಕೊಂಬೆ ಕೂಡದೆ ಹೋದ್ರೆ ಅದರ ದಾರಿ ಕಟ್ ಆಗುತ್ತೆ. ಆಗ ಕೆಳಗೆ ಇಳಿದು ಡಾಂಬರು ದಾಟಬೇಕು. ಘಾಟಿಯಲ್ಲಿ ಅರವತ್ತರ ಸ್ಪೀಡಲ್ಲಿ ಬರೋನಿಗೆ ಅದು ಕಾಣೋ ಹೊತ್ತಿಗೆ ಮುಗಿದುಹೋಗಿರುತ್ತೆ.

ಕುದುರೆಮುಖ ರಾಷ್ಟ್ರೀಯ ಉದ್ಯಾನ ಆಗಿದ್ದರ ಹಿಂದೆಯೂ ಇದೇ ಪ್ರಾಣಿ ಇದೆ. 1983-84ರಲ್ಲಿ ಡಾ. ಉಲ್ಲಾಸ ಕಾರಂತರು ಕರ್ನಾಟಕದಲ್ಲಿ ಸಿಂಗಳೀಕಗಳ ಸರ್ವೆ ಮಾಡಿದ್ರು. ಈ ಕಾಡು ಅವುಗಳಿಗೆ ಎಷ್ಟು ಮುಖ್ಯ ಅನ್ನೋದು ಅದರಿಂದ ಗೊತ್ತಾಯ್ತು. 1987ರಲ್ಲಿ ಉದ್ಯಾನದ ಘೋಷಣೆ ಬಂತು. ಸುಮಾರು 600 ಚದರ ಕಿಲೋಮೀಟರ್. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟಗಳನ್ನ ವಿಶ್ವ ಪರಂಪರೆಯ ತಾಣ ಅಂತ ಮಾಡಿದಾಗ ಅದರಲ್ಲಿ ಕುದುರೆಮುಖವೂ ಸೇರಿತು.

ನಾನೇನು ಸಾಚಾ ಅಂತ ಹೇಳ್ತಿಲ್ಲ. ವರ್ಷಗಳ ಹಿಂದೆ ಇದೇ ಘಾಟಿಯಲ್ಲಿ ಕಾರಿನ ಕಿಟಕಿ ಇಳಿಸಿ ಕೋತಿಗೆ ಬಾಳೆಹಣ್ಣು ಕೊಟ್ಟವನೇ ನಾನು, ಪುಣ್ಯ ಬಂತು ಅಂತ. ಮುಂದಿನ ತಿರುವಿನಲ್ಲಿ ಇನ್ನೊಂದು ಗಾಡಿಯವರು ಹಣ್ಣು ಕೊಡೋಕೆ ನಿಲ್ಲಿಸಿದ್ರು, ಹಿಂದೆ ಬಂದ ಬಸ್ಸಿನವನು ಬ್ರೇಕ್ ಹೊಡೆದ. ಮರಿ ಹೊತ್ತಿದ್ದ ತಾಯಿ ಕೋತಿ ಎರಡು ಗಾಡಿಗಳ ನಡುವೆ ಸಿಕ್ಕಿಕೊಳ್ಳೋದು ಕೂದಲೆಳೆಯಲ್ಲಿ ತಪ್ಪಿತು. ಅದನ್ನ ರಸ್ತೆಗೆ ಕರೆದವರು ಯಾರು? ಬಾಳೆಹಣ್ಣು ಕೊಟ್ಟ ನಾವೇ ತಾನೆ. ಆವತ್ತಿಂದ ಕಿಟಕಿ ಗ್ಲಾಸು ಮೇಲೆ.

ಎಸ್.ಕೆ. ಬಾರ್ಡರ್‌ನಿಂದ ಕುದುರೆಮುಖದ ಕಡೆ ತಿರುಗಿ ಸ್ವಲ್ಪ ದೂರ ಹೋಗುತ್ತಿದ್ದಂತೆ ಚಿತ್ರ ಬದಲಾಗುತ್ತೆ. ಕಾಡು ಹಿಂದೆ ಸರಿದು ಗುಡ್ಡಗಳು ಬೋಳಾಗುತ್ತವೆ. ಬೋಳು ಅಂದೆ, ತಪ್ಪು. ಮೊದಲ ಸಲ ಬಂದ ಎಲ್ಲರೂ ಹಾಗೇ ಅಂದ್ಕೊಳ್ತಾರೆ: ಯಾರೋ ಮರ ಕಡಿದು ಹಾಕಿದ್ದಾರೆ, ಇಲ್ಲಿ ಗಿಡ ನೆಡಬೇಕು ಅಂತ. ನೆಡಬಾರದು! ಇದು ಹುಲ್ಲುಗಾವಲು, ಇದೂ ಕಾಡೇ. ಗಮನಿಸಿ ನೋಡಿ: ಗುಡ್ಡದ ಬೆನ್ನಿನ ಮೇಲೆಲ್ಲ ಹುಲ್ಲು, ಎರಡು ಗುಡ್ಡ ಸೇರುವ ಮಡಿಕೆಯಲ್ಲಿ ಮಾತ್ರ ಗುಂಪಾಗಿ ಮರಗಳು. ಆ ಮಡಿಕೆಯ ಕಾಡಿಗೆ ಶೋಲಾ ಅಂತಾರೆ. ಬೆನ್ನಿನ ಮೇಲೆ ಮಣ್ಣು ತೆಳು, ಗಾಳಿ ಜೋರು. ಮಡಿಕೆಯಲ್ಲಿ ಮಣ್ಣು ಆಳ, ನೀರು ನಿಲ್ಲುತ್ತೆ, ಗಾಳಿಗೆ ಮರೆ.

ಈ ಜೋಡಿ ಮಾಡೋ ಕೆಲಸ ದೊಡ್ಡದು. ಇಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳುತ್ತೆ. ಬೆಂಗಳೂರಿಗೆ ಬೀಳೋದು ಸುಮಾರು ಒಂದು ಸಾವಿರ, ಅಷ್ಟಕ್ಕೇ ನಮ್ಮ ಅಂಡರ್‌ಪಾಸುಗಳ ಕಥೆ ಏನಾಗುತ್ತೆ ಅಂತ ನಾವೇ ಲೈವ್ ತೋರಿಸ್ತೀವಿ. ಅದರ ಏಳು ಪಟ್ಟು ಮಳೆ ಇಳಿಜಾರಿನ ಮೇಲೆ ಸುರಿದರೂ ಗುಡ್ಡ ಕರಗಿ ಹೋಗದೆ ನಿಂತಿದೆ ಅಂದ್ರೆ ಕಾರಣ ಆ ಹುಲ್ಲು. ಬೇರಿನ ಬಲೆಯಲ್ಲಿ ಮಣ್ಣು ಹಿಡ್ಕೊಳ್ಳುತ್ತೆ, ನೀರಿನ ವೇಗ ತಗ್ಗಿಸುತ್ತೆ, ಒಳಗೆ ಇಂಗಿಸುತ್ತೆ. ಶೋಲಾ ಆ ನೀರನ್ನ ಸ್ವಲ್ಪ ಸ್ವಲ್ಪವಾಗಿ ಬಿಡುತ್ತೆ. ಮಳೆ ನಿಂತು ತಿಂಗಳುಗಳಾದ ಮೇಲೂ ಹೊಳೆಯಲ್ಲಿ ನೀರಿರೋದು ಹೀಗೆ. ಇನ್ನು ಕಾರಿನ ಚಕ್ರ. ನೆನೆದ ಹುಲ್ಲಿನ ಮೇಲೆ ಒಂದು ಜೀಪು ಹತ್ತಿ ಇಳಿದ್ರೆ ಎರಡು ಗೀರು ಬೀಳುತ್ತೆ. ಮುಂದಿನ ಮಳೆಗೆ ಆ ಗೀರೇ ಕಾಲುವೆ, ಆಮೇಲೆ ಕೊರಕಲು. ಹತ್ತು ಸೆಕೆಂಡಿನ ವಿಡಿಯೋಗೆ ಆದ ಗಾಯ ಹತ್ತಾರು ಮಳೆಗಾಲ ಕಳೆದರೂ ಮಾಯೋದಿಲ್ಲ.

ದಾರಿಯಲ್ಲಿ ಹನುಮಾನಗುಂಡಿ ಸಿಗುತ್ತೆ, ಸೂತನಬ್ಬೆ ಅಂತಲೂ ಕರೀತಾರೆ. ಮೆಟ್ಟಿಲಿಳಿದು ನೋಡೋ ಜಲಪಾತ. ಇಲಾಖೆ ತೆರೆದಿದ್ದಾಗ ಟಿಕೆಟ್ ತಗೊಂಡು ಇಳಿಯಬಹುದು, ಇಂಬಳ ಕಾಲು ಹತ್ತೋದಕ್ಕೆ ಅಳುಕಬಾರದು ಅಷ್ಟೆ. ಇನ್ನೊಂದು ಕಡಾಂಬಿ, ರಸ್ತೆಗೇ ಅಂಟಿಕೊಂಡಂತೆ ಧುಮುಕುತ್ತೆ, ಇಳಿಯೋ ಪ್ರಶ್ನೆಯೇ ಇಲ್ಲ.

ಆದರೆ ನನ್ನ ಕೇಳಿದ್ರೆ ಈ ದಾರಿಯ ಅಸಲಿ ಜಾಗ ನಿಮಗೆ ಕಾಣೋದೇ ಇಲ್ಲ. ಗಂಗಾಮೂಲ. ವರಾಹ ಪರ್ವತ ಅಂತ ಕರೆಯೋ ಬೆಟ್ಟದ ಮಡಿಲು, ಸಾರ್ವಜನಿಕರಿಗೆ ಪ್ರವೇಶ ಇಲ್ಲ. ತುಂಗಾ, ಭದ್ರಾ, ನೇತ್ರಾವತಿ, ಮೂರೂ ನದಿಗಳು ಹುಟ್ಟೋದು ಈ ಸೀಮೆಯಲ್ಲೇ. ಇಲ್ಲಿ ಬಿದ್ದ ಒಂದು ಮಳೆ ಹನಿ ಬೆಟ್ಟದ ನೆತ್ತಿಯ ಪಶ್ಚಿಮಕ್ಕೆ ಜಾರಿದ್ರೆ ನೇತ್ರಾವತಿ ಸೇರಿ, ತುಂಬೆಯ ಕಿಂಡಿ ಅಣೆಕಟ್ಟಿನಲ್ಲಿ ನಿಂತು, ಮಂಗಳೂರಿನ ನಲ್ಲಿಗೆ ಬರುತ್ತೆ. ಪೂರ್ವಕ್ಕೆ ಜಾರಿದ್ರೆ ತುಂಗೆಯಾಗಿ ಶೃಂಗೇರಿ, ತೀರ್ಥಹಳ್ಳಿ ನೋಡುತ್ತೆ, ಇಲ್ಲಾ ಭದ್ರೆಯಾಗಿ ಕಳಸ, ಬಾಳೆಹೊನ್ನೂರು ದಾಟಿ ಲಕ್ಕವಳ್ಳಿಯ ಡ್ಯಾಮ್ ಸೇರಿ ದಾವಣಗೆರೆಯ ಭತ್ತದ ಗದ್ದೆಗೆ ಇಳಿಯುತ್ತೆ. ಎರಡೂ ಕೂಡಲಿಯಲ್ಲಿ ಸೇರಿ ತುಂಗಭದ್ರೆಯಾಗಿ ಹೊಸಪೇಟೆಗೆ, ಅಲ್ಲಿಂದ ಕೃಷ್ಣೆಗೆ, ಬಂಗಾಳ ಕೊಲ್ಲಿಗೆ. ರಾಯಚೂರಿನ ರೈತ ಕುದುರೆಮುಖವನ್ನ ನೋಡಿರಲಿಕ್ಕಿಲ್ಲ. ಅವನ ಕಾಲುವೆಗೆ ಬರೋ ನೀರು ಮಾತ್ರ ಈ ಹುಲ್ಲನ್ನ ನೋಡಿಯೇ ಬಂದಿರುತ್ತೆ.

ಈಗ ಲಕ್ಯಾ ಡ್ಯಾಮ್. ಕುದುರೆಮುಖ ಪಟ್ಟಣದ ಹತ್ತಿರ ಬಂದಾಗ ಜನ ಕೇಳ್ತಾರೆ, "ಎಂಥಾ ಕೆರೆ ಸಾರ್, ಬೋಟಿಂಗ್ ಇದ್ಯಾ?" ಅದು ಕೆರೆ ಅಲ್ಲ. ಅದರ ಹೊಟ್ಟೆಯಲ್ಲಿ ತುಂಬಿರೋದು ಬಹುಪಾಲು ಗಣಿಯ ಹೂಳು.

ಈ ಬೆಟ್ಟಗಳಲ್ಲಿ ಮ್ಯಾಗ್ನೆಟೈಟ್ ಅದಿರು ಇದೆ. ಕಬ್ಬಿಣದ ಅಂಶ ಮಾತ್ರ ಕಡಿಮೆ, ನೂರಕ್ಕೆ ನಲವತ್ತಕ್ಕಿಂತ ಕೆಳಗೆ. ಹಾಗಾಗಿ ಅಗೆದು ಹಾಗೇ ಮಾರೋಕಾಗಲ್ಲ. ಪುಡಿ ಮಾಡಬೇಕು, ನೀರಲ್ಲಿ ಕಲಸಬೇಕು, ಕಬ್ಬಿಣ ಬೇರೆ ಮಾಡಬೇಕು, ಉಳಿದದ್ದನ್ನ ಎಲ್ಲಾದರೂ ಸುರಿಯಬೇಕು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಶುರುವಾಯ್ತು. ದುಡ್ಡು ಕೊಡ್ತೀನಿ, ಅದಿರು ನಾನೇ ಕೊಳ್ತೀನಿ ಅಂದಿದ್ದು ಇರಾನ್. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಷಾ ದೇಶ ಬಿಟ್ಟ, ಇರಾನ್ ಕೈ ಎತ್ತಿತು. ಟೆಹರಾನಿನ ಬೀದಿ ಗಲಾಟೆಗೂ ಮಲೆನಾಡಿನ ಗುಡ್ಡಕ್ಕೂ ಸಂಬಂಧ ಇತ್ತು ಅಂದ್ರೆ ನಂಬ್ತೀರಾ? ಆದರೂ ಗಣಿ ನಡೆಯಿತು. ಕಲಸಿದ ಅದಿರಿನ ರಾಡಿ 67 ಕಿಲೋಮೀಟರ್ ಪೈಪಿನಲ್ಲಿ ಘಟ್ಟ ಇಳಿದು ಮಂಗಳೂರಿಗೆ ಹೋಗ್ತಿತ್ತು. ಉಳಿದ ಹೂಳು ತಡೆಯೋಕೆ ಭದ್ರೆಗೆ ಸೇರೋ ಲಕ್ಯಾ ಹೊಳೆಗೆ ಅಡ್ಡವಾಗಿ ನೂರು ಮೀಟರ್ ಆಸುಪಾಸಿನ ಎತ್ತರದ ಕಟ್ಟೆ ಎದ್ದಿತು.

ಗಣಿಯಿಂದ ಭದ್ರೆಗೆ ಮಣ್ಣು ಇಳೀತಿದೆ ಅಂತ ಪರಿಸರದವರು, ನದಿ ಕೆಳಗಿನ ಜನ ದನಿ ಎತ್ತಿದ್ರು. 30 ವರ್ಷದ ಗಣಿ ಗುತ್ತಿಗೆ 1999ರಲ್ಲಿ ಮುಗಿದರೂ ತಾತ್ಕಾಲಿಕ ಅನುಮತಿ ಮೇಲೆ ಕೆಲಸ ಮುಂದುವರಿದಿತ್ತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದ್ರು. 2002ರ ಅಕ್ಟೋಬರ್‌ನಲ್ಲಿ ತೀರ್ಪು ಬಂತು. 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಸಾವಿರಾರು ಜನರಿದ್ದ ಟೌನ್‌ಶಿಪ್ ಖಾಲಿಯಾಗುತ್ತಾ ಹೋಯ್ತು. ಕ್ವಾರ್ಟರ್ಸಿನ ಗೋಡೆ ಮೇಲೆ ಪಾಚಿ. ಅಲ್ಲಿ ಹುಟ್ಟಿ ಬೆಳೆದವರು ಇವತ್ತಿಗೂ ತಮ್ಮ ಊರು ಅಂತ ಹೇಳ್ಕೊಳ್ಳುವಾಗ ಗಂಟಲು ಕಟ್ಟುತ್ತೆ, ಕೆಲಸ ಕಳ್ಕೊಂಡವರ ಕಷ್ಟ ಸುಳ್ಳಲ್ಲ. ಆದರೂ ಕೋರ್ಟ್ ಹೇಳಿದ್ದು ಸರಿ ಅನ್ನೋದು ನನ್ನ ಅಭಿಪ್ರಾಯ. ಅದಿರು ಬೇರೆ ಕಡೆಯೂ ಸಿಗುತ್ತೆ. ಮೂರು ನದಿ ಹುಟ್ಟೋ ಬೆಟ್ಟವನ್ನ ಎಲ್ಲಿಂದ ತರ್ತೀರಿ?

ಯೋಚನೆ ಮಾಡಿ. ಅಷ್ಟು ದೊಡ್ಡ ಕಂಪನಿಯನ್ನ ಹೊರಗೆ ಕಳಿಸಿದ ಕಾಡಿಗೆ ಈಗ ಶನಿವಾರ ಭಾನುವಾರ ನಾವು ಸಾಲುಗಟ್ಟಿ ಹೋಗ್ತಿದ್ದೀವಿ.

ಇನ್ನೊಂದು ಮಾತು, ಇದನ್ನ ಹೇಳದೆ ಹೋದ್ರೆ ಮೋಸ ಆಗುತ್ತೆ. ಈ ಉದ್ಯಾನದೊಳಗೆ ಜನ ಇದ್ದಾರೆ. ಮಲೆಕುಡಿಯರಿದ್ದಾರೆ, ತಲೆಮಾರುಗಳಿಂದ ಅಡಿಕೆ, ಗದ್ದೆ ಮಾಡ್ಕೊಂಡ ರೈತರಿದ್ದಾರೆ. ಕೆಲವರು ಪರಿಹಾರ ತಗೊಂಡು ಹೊರಗೆ ಬಂದಿದ್ದಾರೆ. ಕೆಲವರು ಬರೋಕೆ ಸಿದ್ಧರಿದ್ದು ದುಡ್ಡಿಗೆ ಕಾಯ್ತಿದ್ದಾರೆ, ಕೆಲವರು ಬರಲ್ಲ ಅಂತಾರೆ. ಒಳಗಿರೋರಿಗೆ ಮನೆ ತನಕ ಒಂದು ಕಾಂಕ್ರೀಟ್ ರಸ್ತೆ ಬೇಕು, ಕರೆಂಟ್ ಕಂಬ ಬೇಕು ಅಂದ್ರೆ ವನ್ಯಜೀವಿ ಕಾನೂನು ಅಡ್ಡ ಬರುತ್ತೆ. ಕಾಯಿಲೆ ಬಿದ್ದವರನ್ನ ಹೊತ್ತು ತರೋ ಕಥೆ ಮಲೆನಾಡಿನ ಪತ್ರಿಕೆ ಓದೋರಿಗೆ ಹೊಸದಲ್ಲ. ಅವರಿಗೆ ಇಷ್ಟೆಲ್ಲ ಕಟ್ಟುಪಾಡು. ಬೆಂಗಳೂರಿಂದ ಬಂದ ನಾವು ಟೈಮ್ ಬರೆದ ಚೀಟಿ ಕೊಟ್ರು ಅಂತ ಗೇಟಿನಲ್ಲಿ ಜಗಳ ಆಡ್ತೀವಿ! ಕಾಡಿಗೋಸ್ಕರ ಅವರು ಬಿಟ್ಟುಕೊಟ್ಟಿದ್ದಕ್ಕೆ ಹೋಲಿಸಿದ್ರೆ ನಮ್ಮಿಂದ ಕೇಳ್ತಿರೋದು ಏನು? ಗಾಡಿಯಿಂದ ಇಳೀಬೇಡಿ ಅಂತ, ಅಷ್ಟೇ.

ಇಲಾಖೆಯದ್ದೂ ತಪ್ಪಿದೆ, ಬಿಡೋದಿಲ್ಲ. ಚೀಟಿ ಕೊಡೋರು ಅದರ ಹಿಂದುಗಡೆ ನಾಲ್ಕು ಸಾಲು ಪ್ರಿಂಟ್ ಹಾಕಿಸಬಹುದು: ಇದು ಶೋಲಾ, ಇದು ಹುಲ್ಲುಗಾವಲು, ಇಲ್ಲಿ ಮೂರು ನದಿ ಹುಟ್ಟುತ್ತವೆ, ಆ ಕಾಣೋದು ಕೆರೆಯಲ್ಲ ಅಂತ. ಬೇರೆ ದೇಶಗಳ ರಾಷ್ಟ್ರೀಯ ಉದ್ಯಾನಗಳಲ್ಲಿ ಗೇಟಿನಲ್ಲೇ ನಕ್ಷೆ ಕೊಡ್ತಾರೆ. ಎಲ್ಲಿ ನಿಲ್ಲಬಹುದು, ನಿಂತು ಏನು ನೋಡಬೇಕು ಅಂತ ಬರೆದಿರುತ್ತೆ, ನಿಲ್ಲೋಕೆ ಜಾಗವನ್ನೂ ಮಾಡಿರ್ತಾರೆ. ನಿಲ್ಲಬೇಡಿ ಅಂತ ಮಾತ್ರ ಹೇಳಿದ್ರೆ ಜನ ಕಳ್ಳತನದಲ್ಲಿ ನಿಲ್ತಾರೆ. ಎರಡು ಮೂರು ಕಡೆ ಸುಸಜ್ಜಿತವಾಗಿ, ಕಸದ ಬುಟ್ಟಿ, ಶೌಚಾಲಯ, ಕಾವಲುಗಾರ ಸಮೇತ ನಿಲ್ಲೋ ಜಾಗ ಮಾಡಿ, ಉಳಿದ ಕಡೆ ನಿಂತವರಿಗೆ ಬಿಗಿಯಾಗಿ ದಂಡ ಹಾಕಲಿ, ಯಾರು ಬೇಡ ಅಂತಾರೆ?

ಕುದುರೆಮುಖ ದಾಟಿದ ಮೇಲೆ ಭದ್ರೆ ಜೊತೆಗೆ ಬರ್ತಾಳೆ. ಒಮ್ಮೆ ಈ ಪಕ್ಕ, ಒಮ್ಮೆ ಆ ಪಕ್ಕ. ಮಳೆ ಮೋಡ ಬಿಟ್ಟರೆ 1,894 ಮೀಟರ್ ಎತ್ತರದ ಕುದುರೆಮುಖ ಶಿಖರ ಕಾಣಬಹುದು, ಹೆಸರಿಗೆ ತಕ್ಕ ಹಾಗೆ ಕುದುರೆಯ ಮುಖದಂತೆ. ಶಿಖರ ಹತ್ತಬೇಕು ಅಂದ್ರೆ ಅದಕ್ಕೆ ಬೇರೆಯೇ ಅನುಮತಿ, ಬೇರೆಯೇ ದಿನ. ಡ್ರೈವ್ ಮಧ್ಯೆ "ಸ್ವಲ್ಪ ಹತ್ತಿ ಬರೋಣ" ಅನ್ನೋ ವ್ಯವಹಾರ ಇಟ್ಕೋಬೇಡಿ. ಆಮೇಲೆ ಸಂಸೆಯ ಕಡೆ ಟೀ ತೋಟ, ಕಳಸ, ಬೇಕಿದ್ದರೆ ಹೊರನಾಡಿನ ಊಟ.

ಹೋಗೋರಿಗೆ ಒಂದೆರಡು ಕೆಲಸದ ಮಾತು. ಪೆಟ್ರೋಲ್ ಕಾರ್ಕಳದಲ್ಲೋ ಕಳಸದಲ್ಲೋ ಹಾಕಿಸ್ಕೊಳ್ಳಿ. ನಡುವೆ ಮೊಬೈಲ್ ನೆಟ್‌ವರ್ಕ್ ನಂಬಬೇಡಿ, ಮ್ಯಾಪ್ ಮೊದಲೇ ಇಳಿಸಿಟ್ಕೊಳ್ಳಿ. ಬೆಳಿಗ್ಗೆ ಹೊರಡಿ, ಸಂಜೆ ಮಂಜು ಇಳಿದ್ರೆ ಹತ್ತಡಿ ಮುಂದೆ ಕಾಣಲ್ಲ, ಕತ್ತಲಲ್ಲಿ ಕಡವೆ, ಕಾಟಿ ರಸ್ತೆಗೆ ಬರ್ತವೆ, ಮಳೆಯಲ್ಲಿ ಕಪ್ಪೆಗಳೂ. ಭಾರಿ ಮಳೆಯಲ್ಲಿ ಘಾಟಿಯಲ್ಲಿ ಮಣ್ಣು ಜರಿಯುತ್ತೆ, ಹಾಗಾಗಿ ಗೇಟಿನ ಸಮಯವನ್ನೂ ರಸ್ತೆಯ ಸ್ಥಿತಿಯನ್ನೂ ಹಿಂದಿನ ದಿನವೇ ವಿಚಾರಿಸಿ. ಖಾಲಿ ಬಾಟಲಿ, ಚಿಪ್ಸ್ ಪ್ಯಾಕೆಟ್ಟು ಕಾರಿನಲ್ಲೇ ಇರಲಿ. 27ನೇ ಸೆಕ್ಷನ್‌ನಲ್ಲೇ ಇದೂ ಇದೆ: ಕಾಡುಪ್ರಾಣಿಯನ್ನ ರೇಗಿಸೋದು, ಕಸ ಹಾಕೋದು, ಎರಡೂ ಅಪರಾಧ. ಮತ್ತೆ ಆ ಚೀಟಿ ಡ್ಯಾಶ್‌ಬೋರ್ಡ್ ಮೇಲೆ ಎದುರಿಗೇ ಇಟ್ಕೊಳ್ಳಿ. ಕಳಸದ ಕಡೆ ಗೇಟಿನಲ್ಲಿ ಕೇಳ್ತಾರೆ. ಅವರು ಗಡಿಯಾರ ನೋಡ್ತಾರೆ, ಚೀಟಿ ನೋಡ್ತಾರೆ, ಮಳೆಯಲ್ಲಿ ನೆನೆದ ಕೈಯಲ್ಲಿ ಸರಪಳಿ ಇಳಿಸಿ ಹೋಗಿ ಅಂತಾರೆ.